ನಾಯಿ ಮೆಚ್ಚಿದ ಬಾಡಿಗೆದಾರ

ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಹಲ್ಪುಡಿ ರಾಯರು ಎಂದೇ. ಐದು ವರ್ಷದವರಿದ್ದಾಗ ಅವರು ಹಲ್ಲುಪುಡಿಯ ಜಾಹೀರಾತಿನಲ್ಲಿ ಕರುವಿನ ಜೊತೆ, ಸೋಪಿನದರಲ್ಲಿ ನಾಯಿಮರಿಯ ಜೊತೆ, ಕೂದಲೆಣ್ಣೆಯದರಲ್ಲಿ ಸಾಕ್ಷಾತ್ ಆನೆಯ ಜೊತೆ ಕಾಣಿಸಿಕೊಂಡಿದ್ದರು. (ಆನೆಗೂ ಕೂದಲೆಣ್ಣೆಗೂ ಏನು ಸಂಬಂಧ ಎಂದು ಕೇಳಬೇಡಿ, ಕೇಳಿದವರು ಮಧ್ಯಾಹ್ನದ ಊಟ ತಪ್ಪಿಸಿಕೊಂಡಿದ್ದಾರೆ.)

"ಕರು ತಾನಾಗೇ ಓಡಿ ಬಂದು ಕೆನ್ನೆ ನೆಕ್ತು ಕಣ್ರೀ! ಪ್ರಾಣಿಗಳಿಗೂ ನನಗೂ ಜನ್ಮಾಂತರದ ನಂಟು" ಎನ್ನುತ್ತಿದ್ದರು.

ಅವರು ಹೇಳದೆ ಬಿಡುತ್ತಿದ್ದುದು ಒಂದು ಸಣ್ಣ ಸಂಗತಿ. ಕ್ಯಾಮೆರಾ ಶುರುವಾಗುವ ಮುಂಚೆ ಅಮ್ಮ ಅವರ ಕೆನ್ನೆಗೆ ಸಕ್ಕರೆ ಪಾಕ ಬಳಿಯುತ್ತಿದ್ದರು. ನಾಯಿಮರಿಯಾದರೆ ಬೆಣ್ಣೆ. ಆನೆಗೆ ಜೇಬಿನಲ್ಲಿ ಬಾಳೆಹಣ್ಣು. ಆದರೂ ಅಷ್ಟು ದೊಡ್ಡ ಪ್ರಾಣಿ ತಮ್ಮತ್ತ ಸೊಂಡಿಲು ಚಾಚಿದಾಗಿನ ಆ ಸುಖ ಸುಳ್ಳಾಗಿರಲಿಲ್ಲ, ಪಾಪ. ಆಮೇಲೆ ಇಡೀ ಬದುಕಿನಲ್ಲಿ ಯಾರೂ ಅವರತ್ತ ಹಾಗೆ ಓಡಿ ಬಂದಿರಲಿಲ್ಲ.

ಈಗ ರಾಯರ ಹೆಂಡತಿ ಒಂದು ಬಾಡಿಗೆ ಮನೆಗೆ ಮನಸೋತಿದ್ದರು. ಇದ್ದ ಮನೆಯ ಅಡುಗೆಮನೆಯಲ್ಲಿ ಹಗಲಲ್ಲೂ ದೀಪ ಬೇಕು. ಆ ಮಹಡಿ ಮನೆಯಲ್ಲಿ ಒಲೆಯ ಎದುರಿಗೇ ದೊಡ್ಡ ಕಿಟಕಿ! ಕೆಳಗಡೆ ಮನೆಯ ಒಡತಿ ಮುದುಕಮ್ಮ, ಜೊತೆಗೆ ಅವರ ಕಂದು ನಾಯಿ.

"ನಾಯಿ ಏನ್ಮಾಡುತ್ತೆ ಅಂತ ನೋಡಿದ ಮೇಲೇ ಅಮ್ಮ ಹ್ಞೂಂ ಅನ್ನೋದು. ಎಷ್ಟೋ ಜನ ವಾಪಸ್ ಹೋಗಿದಾರೆ" ಎಂದ ಬ್ರೋಕರ್.

"ನಾಯಿ ತಾನೇ? ನನಗೆ ಬಿಡಿ" ಎಂದು ರಾಯರು ಎದೆ ಉಬ್ಬಿಸಿದರು.

"ರೀ, ನೀವು ಬಾಯಿ ಮುಚ್ಕೊಂಡು ನನ್ನ ಹಿಂದೆ ನಿಂತ್ಕೊಳ್ಳಿ, ಸಾಕು. ಈ ಮನೆ ಕೈತಪ್ಪಿದ್ರೆ ನಾಳೆಯಿಂದ ಅಡುಗೆ ನಿಮ್ಮದೇ" ಎಂದರು ಹೆಂಡತಿ.

ಇಷ್ಟಾದ ಮೇಲೆ ಸುಮ್ಮನಿರಲು ಸಾಧ್ಯವೇ? ಹೊರಡುವ ಮುಂಚೆ ರಾಯರು ಬಾಗಿಲು ಹಾಕಿಕೊಂಡು ಎರಡೂ ಕೆನ್ನೆಗೆ, ಕಿವಿಯ ಹಿಂದಕ್ಕೆ ಧಾರಾಳವಾಗಿ ಬೆಣ್ಣೆ ಸವರಿಕೊಂಡರು.

"ಇದೇನ್ರೀ, ಮುಖ ಹೀಗೆ ಹೊಳೀತಿದೆ?"

"ಆತ್ಮವಿಶ್ವಾಸ ಕಣೇ!"

ಮುದುಕಮ್ಮ ಬಾಗಿಲು ತೆರೆದದ್ದೇ ತಡ, ನಾಯಿ ಮೂಗರಳಿಸಿ ಒಂದೇ ನೆಗೆತಕ್ಕೆ ರಾಯರ ಮೇಲೆ ಬಿತ್ತು. ಕನ್ನಡಕ ಹಾರಿತು. ಕೆನ್ನೆ, ಕಿವಿ, ಕತ್ತು, ಯಾವುದನ್ನೂ ಬಿಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ರಾಯರು "ನೋಡಿದ್ರಾ ಪ್ರೀತೀನ!" ಎಂದು ಪುಟ್ಟ ಮಗುವಿನಂತೆ ಕುಲುಕುಲು ನಕ್ಕರು.

ಮುದುಕಮ್ಮನ ಕಣ್ಣಲ್ಲಿ ನೀರು. "ಮನೆ ಕೊಡಕ್ಕಾಗಲ್ಲಪ್ಪಾ" ಎಂದುಬಿಟ್ಟರು.

"ಅಯ್ಯೋ, ಯಾಕಮ್ಮಾ?" ಎಂದರು ಹೆಂಡತಿ.

"ಮುಂಚೆ ಇದ್ದವರಿಗೂ ಇದು ಹೀಗೇ ಹೊಂದ್ಕೊಂಡ್ಬಿಡ್ತು. ಹೊತ್ತು ಮೂಡಿದ್ರೆ ಮಹಡೀಲಿ. ನಾನು ಕೂಗಿದ್ರೂ ಇಳೀತಿರಲಿಲ್ಲ. ನನಗಿರೋದು ಇದೊಂದೇ. ಇದು ಮೂಸಿ ಕೂಡ ನೋಡದೇ ಇರೋರಿಗೇ ಮನೆ ಅಂತ ತೀರ್ಮಾನ ಮಾಡಿದೀನಿ."

ಹೆಂಡತಿ ತಲೆಯೆತ್ತಿ ಮಹಡಿಯ ಕಿಟಕಿಯನ್ನು ಒಮ್ಮೆ ನೋಡಿದರು, ಅಷ್ಟೇ. ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಆ ನೋಟ ತಡೆಯಲಾಗಲಿಲ್ಲ.

"ಅಮ್ಮಾ, ಇದು ಪ್ರೀತಿ ಅಲ್ಲ... ಬೆಣ್ಣೆ" ಎಂದರು ಮೆಲ್ಲಗೆ. "ಕರು ನೆಕ್ಕಿದ್ದು ಸಕ್ಕರೆ ಪಾಕಕ್ಕೆ. ಆನೆ ಬಂದಿದ್ದು ಬಾಳೆಹಣ್ಣಿಗೆ. ಯಾವ ಪ್ರಾಣೀನೂ ನನ್ನ ಹತ್ರ ಸುಮ್ಮನೆ ಬಂದಿದ್ದಿಲ್ಲ."

ಕರುವಿನ ವಿಷಯ ಮುದುಕಮ್ಮನಿಗೆ ತಿಳಿಯಲಿಲ್ಲ, ಬೆಣ್ಣೆಯದು ತಿಳಿಯಿತು. "ಹಿತ್ತಲಲ್ಲಿ ನಲ್ಲಿ ಇದೆ. ಸೋಪು ಹಚ್ಚಿ ತೊಳ್ಕೊಂಡು ಬನ್ನಿ, ನೋಡೋಣ."

ರಾಯರು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು ನಾಯಿಯ ಮುಂದೆ ಕುಳಿತರು. ಮನೆ ಸಿಗಲಿ ಎಂದು ಬೇಡಿಕೊಂಡರು. ಒಳಗೊಳಗೇ, ಒಂದೇ ಒಂದು ಸಲ ಬಾಲ ಅಲ್ಲಾಡಲಿ ಎಂದೂ ಬೇಡಿಕೊಂಡರು. ನಾಯಿ ಅವರನ್ನು ನೋಡಿತು, ಬಾಯಿ ತುಂಬಾ ಆಕಳಿಸಿತು, ಎದ್ದು ಹೋಗಿ ಮುದುಕಮ್ಮನ ಪಾದದ ಮೇಲೆ ತಲೆಯಿಟ್ಟು ಮಲಗಿತು.

"ನಿಮ್ಮಂಥವರನ್ನೇ ಹುಡುಕ್ತಿದ್ದೆ ಕಣಪ್ಪಾ! ನಾಳೆನೇ ಬಂದ್ಬಿಡಿ" ಎಂದು ಮುದುಕಮ್ಮ ಬೀಗದ ಕೈ ಕೊಟ್ಟರು.

ದಾರಿಯಲ್ಲಿ ಹೆಂಡತಿಯೇ ಮಾತು ತೆಗೆದರು. "ಹೋಗ್ಲಿ ಬಿಡಿ. ಪಾಕದ ವಿಷಯ ಅತ್ತೆ ನಂಗೆ ಯಾವತ್ತೋ ಹೇಳಿದ್ರು."

"ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ಆ ಕಥೆ ಹೇಳುವಾಗ ನಿಮ್ಮ ಮುಖ ಚೆನ್ನಾಗಿರ್ತಿತ್ತು. ಕೆಡಿಸೋದ್ಯಾಕೆ ಅಂತ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ಮೇಲೆ ಜನಕ್ಕೆ ಏನು ಹೇಳ್ಲಿ ಕಣೇ?"

"ನೀವ್ಯಾಕೆ ಕಷ್ಟಪಡ್ತೀರಿ? ಇವತ್ತಿನದನ್ನ ನಾನೇ ಹೇಳ್ತೀನಿ" ಎಂದ ಹೆಂಡತಿ, ಎದುರಿಗೆ ಬರುತ್ತಿದ್ದ ಪಕ್ಕದ ಮನೆಯಾಕೆಯನ್ನು ಕಂಡು ಹೆಜ್ಜೆ ಚುರುಕುಮಾಡಿದರು.