ಬದಲಿ ಪೆಟ್ಟಿಗೆ ಮತ್ತು ಹತ್ತು ದಿನದ ರಜೆ

‘ನೀವಿಲ್ಲದಿದ್ದರೆ ಇಲ್ಲಿ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ’ ಎಂದು ಯಾರಾದರೂ ಹೊಗಳಿದರೆ ಆ ಜಾಗದಿಂದ ಮೆಲ್ಲಗೆ ಎದ್ದು ಬಂದುಬಿಡಬೇಕು. ನಾನು ಎದ್ದು ಬರಲಿಲ್ಲ. ಕಿವಿ ತುಂಬಾ ಕೇಳಿಸಿಕೊಂಡು, ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಇನ್ನೊಂದು ಸಲ ನನಗೆ ನಾನೇ ಹೇಳಿಕೊಂಡೆ. ಮದುವೆಯಾದ ಮೊದಲ ಎರಡು ವರ್ಷ ಗಂಡನಿಗಿಂತ ಹೆಚ್ಚು ಒಂದು ಬೂದು ಬಣ್ಣದ ಕಂಪ್ಯೂಟರಿನ ಜೊತೆ ಸಂಸಾರ ಮಾಡಬೇಕಾಗಿ ಬಂದದ್ದು ಹೀಗೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಹುಣಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ನಮ್ಮವರು ಅಂತರಸಂತೆಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ನನಗೆ ಹುಣಸೂರಿನಲ್ಲಿ ಒಂದು ಬಾಡಿಗೆ ಕೋಣೆ, ಅವರಿಗೆ ಅಲ್ಲೊಂದು ಹೆಂಚಿನ ಮನೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಎಚ್.ಡಿ. ಕೋಟೆಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ನಾನು ಮನೆ ಸೇರುವ ಹೊತ್ತಿಗೆ ಅವರು ಅನ್ನಕ್ಕಿಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ಭಾನುವಾರ ಸಂಜೆ ಮತ್ತೆ ಬಸ್ಸು. ಅವರು ಸೋಮವಾರ ಪೋಸ್ಟಿಗೆ ಹಾಕಿದ ಇನ್‌ಲ್ಯಾಂಡ್ ಪತ್ರ ನಾನು ಶನಿವಾರ ಊರು ಬಿಟ್ಟ ಮೇಲೆ ಕೋಣೆಗೆ ಬರುತ್ತಿತ್ತು. ‘ಈ ಶನಿವಾರ ಬೇಗ ಬಾ’ ಎಂಬ ಸಾಲನ್ನು ನಾನು ಹೋಗಿ ವಾಪಸು ಬಂದ ಮೇಲೆ ಓದುತ್ತಿದ್ದೆ. ಓದಿ, ಇನ್ನೂ ಐದು ದಿನವಿದೆಯಲ್ಲ ಎಂದು ಮಡಚಿಡುತ್ತಿದ್ದೆ.

ಆ ಭಾನುವಾರಗಳನ್ನು ತಿಂದು ಹಾಕುತ್ತಿದ್ದದ್ದು ನಮ್ಮ ಲ್ಯಾಬಿನ ಸರ್ವರ್. ಅದರ ಕೆಲಸ ಒಂದೇ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ನಲವತ್ತು ಕಂಪ್ಯೂಟರುಗಳೂ ‘ನನ್ನ ನಂಬರೆಷ್ಟು?’ ಎಂದು ಕೇಳುತ್ತವೆ. ಇದು ಒಂದೊಂದಕ್ಕೂ ಒಂದೊಂದು ನಂಬರು ಹಂಚಬೇಕು. ಅದಕ್ಕೆ ಅಡ್ರೆಸ್ ಎನ್ನುತ್ತಾರೆ. ಅಡ್ರೆಸ್ ಸಿಗದ ಕಂಪ್ಯೂಟರಿಗೆ ಇಂಟರ್ನೆಟ್ಟೂ ಇಲ್ಲ, ಪ್ರಿಂಟರೂ ಇಲ್ಲ. ಪಾಪ, ಸ್ವಲ್ಪ ಹೊತ್ತು ಕಾದು ನೋಡಿ ಅದು ನೂರ ಅರವತ್ತೊಂಬತ್ತರಿಂದ ಶುರುವಾಗುವ ಒಂದು ನಂಬರನ್ನು ತಾನೇ ಇಟ್ಟುಕೊಂಡು ಸುಮ್ಮನೆ ಕೂರುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಸರ್ವರ್ ಹಂಚುವುದನ್ನು ಮರೆಯುತ್ತಿತ್ತು. ನಾನು ಹೋಗಿ ಎರಡು ಸಾಲು ಟೈಪು ಮಾಡಿದರೆ ಮತ್ತೆ ನೆನಪಾಗುತ್ತಿತ್ತು. ಆ ಎರಡು ಸಾಲನ್ನು ಯಾರಿಗಾದರೂ ಹೇಳಿಕೊಡಬಹುದಿತ್ತು. ಆದರೆ ‘ಮೇಡಂ ಹೊರತು ಬೇರೆ ಯಾರೂ ಮುಟ್ಟಕೂಡದು’ ಎಂದು ಅದರ ತಲೆಯ ಮೇಲೆ ಚೀಟಿ ಅಂಟಿಸಲಾಗಿತ್ತು. ಅಂಟಿಸಿದವಳು ನಾನೇ. ಮುದ್ದಾದ ಅಕ್ಷರದಲ್ಲಿ, ಕೆಂಪು ಇಂಕಿನಲ್ಲಿ.

ಭಾನುವಾರ ಕಾಲೇಜಿನಲ್ಲಿ ಅಂಚೆ ಶಿಕ್ಷಣದವರಿಗೆ ಲ್ಯಾಬ್ ತರಗತಿ ಇರುತ್ತಿತ್ತು. ಒಂದು ಭಾನುವಾರ ನಮ್ಮವರು ಅವರೆಕಾಳು ನೆನೆಸಿ, ಹಿದುಕಿ, ಸಾರಿಗಿಟ್ಟಿದ್ದರು. ಕುದಿ ಬರುವಷ್ಟರಲ್ಲಿ ಬೀದಿಯ ಕೊನೆಯ ಎಸ್‌ಟಿಡಿ ಬೂತಿನ ಸಿದ್ದೇಗೌಡರು ಕೂಗಿಕೊಂಡು ಬಂದರು.

“ಮೇಷ್ಟ್ರೇ, ಉಣಸೂರಿಂದ ಫೋನು! ಮೇಡಮ್ಮೋರು ಈಗಿಂದೀಗ್ಲೇ ಬರ್ಬೇಕಂತೆ. ಅದ್ಯಾವ್ದೋ ಅಡ್ರೆಸ್ ಸಿಗ್ತಿಲ್ವಂತೆ ಕಣ್ರೀ!”

ನಮ್ಮವರು ಸಾರನ್ನು ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ, ಬಸ್ ಸ್ಟ್ಯಾಂಡಿನವರೆಗೆ ಬಂದು ಕಿಟಕಿಯಿಂದ ಕೊಟ್ಟರು. ಬಸ್ಸು ಹೊರಟಾಗ, “ದಸರಾ ರಜಕ್ಕಾದ್ರೂ ಹತ್ತು ದಿನ ಒಟ್ಟಿಗೆ ಇರಾಣ ಕಣೆ. ಕೇಳಿ ನೋಡು” ಎಂದರು. ಡಬ್ಬಿ ತೊಡೆಯ ಮೇಲೆ ಬಿಸಿಯಾಗಿತ್ತು. ಎಚ್.ಡಿ. ಕೋಟೆ ಬರುವವರೆಗೂ ನಾನು ಯಾರ ಮುಖವನ್ನೂ ನೋಡದೆ ಹೊರಗೇ ನೋಡುತ್ತಾ ಕೂತೆ.

ಮಾರನೆಯ ದಿನವೇ ಪ್ರಿನ್ಸಿಪಾಲರನ್ನು ಕೇಳಿದೆ. ನಮ್ಮ ಕಾಲೇಜಿಗೆ ಆ ವರ್ಷ ದಸರಾದಲ್ಲೂ ಪ್ರಾಕ್ಟಿಕಲ್ ಪರೀಕ್ಷೆ. “ಹತ್ತು ದಿನವೇ? ಆ ಸರ್ವರಿಗೆ ಯಾರು ಗತಿ ಅಮ್ಮ?” ಎಂದು ಅವರು ಕನ್ನಡಕ ತೆಗೆದರು. ಎಂದಿನಂತೆ ಹೆಮ್ಮೆಯಾಗಲಿಲ್ಲ, ಬಾಗಿಲ ಕಡೆ ತಿರುಗದೆ ಅಲ್ಲೇ ನಿಂತೆ. ಅದು ಅವರಿಗೂ ಕಂಡಿರಬೇಕು. “ಅದು ನಿಂತರೆ ಇನ್ನೊಂದು ನೋಡಿಕೊಳ್ಳುವ ಹಾಗೆ ಏನಾದರೂ ವ್ಯವಸ್ಥೆ ಮಾಡಿಟ್ಟು ಹೋಗಿ” ಎಂದರು.

ಆಫೀಸಿನ ಮೂಲೆಯಲ್ಲಿ ಕಡತಗಳಿಗೆ ಒರಗುದಿಂಬಾಗಿದ್ದ ಹಳೆಯ ಕಂಪ್ಯೂಟರೊಂದನ್ನು ಅಟೆಂಡರ್ ಜವರಯ್ಯ ಹೊತ್ತು ತಂದ. ಹನಗೋಡಿನವನು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಪುಸ್ತಕ ನೋಡಿಕೊಂಡು ಇದಕ್ಕೂ ನಂಬರು ಹಂಚುವ ವಿದ್ಯೆ ಕಲಿಸಿದೆ. ಮೊದಲನೆಯದರಲ್ಲಿ ಇದ್ದ ನಂಬರುಗಳನ್ನೇ ಇದಕ್ಕೂ ಹಾಕಿದೆ. ಬದಲಿ ಎಂದ ಮೇಲೆ ತದ್ರೂಪ ಇರಬೇಡವೇ ಎಂಬುದು ನನ್ನ ತರ್ಕ. ಬೆಳಿಗ್ಗೆ ಎರಡೂ ಒಟ್ಟಿಗೆ ಹಂಚತೊಡಗಿದವು. ಅರ್ಥಶಾಸ್ತ್ರದ ಮೇಷ್ಟ್ರ ಪರದೆಯ ಮೇಲೂ ಭೌತಶಾಸ್ತ್ರದ ಮೇಡಂ ಪರದೆಯ ಮೇಲೂ ‘ನಿಮ್ಮ ಅಡ್ರೆಸ್ ಬೇರೊಬ್ಬರ ಬಳಿ ಇದೆ’ ಎಂಬರ್ಥದ ಎಚ್ಚರಿಕೆ ಬಂತು. ಮೊದಲೇ ಒಂದು ಬೀರುವಿನ ವಿಷಯಕ್ಕೆ ಮಾತು ಬಿಟ್ಟಿದ್ದವರು, ಇದೂ ಆ ಕಡೆಯವರದೇ ಕಿತಾಪತಿ ಎಂದು ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋದರು.

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಜವರಯ್ಯ ಟೀ ತಂದ. ವಿಷಯ ಕೇಳಿ ನಕ್ಕುಬಿಟ್ಟ.

“ಮೇಡಮ್ಮೋರೇ, ಒಂದ್ಸಲ ಕಣ್ಣಿನ ಕ್ಯಾಂಪ್‌ಗೆ ಓಗಿದ್ದೆ. ಇಬ್ರು ಕೂತ್ಕಂಡು ಚೀಟಿ ಕೊಡ್ತಿದ್ರು. ನಂಗೂ ಇಪ್ಪತ್ತು, ಇನ್ನೊಬ್ಬಂಗೂ ಇಪ್ಪತ್ತು. ಜಗಳ ಆಗ್ದೆ ಇದ್ದಾತಾ? ಆಮೇಕೆ ಒಬ್ಬ ಒಂದ್ರಿಂದ ಐವತ್ತು, ಇನ್ನೊಬ್ಬ ಐವತ್ತೊಂದ್ರಿಂದ ಮ್ಯಾಕೆ ಅಂತ ಮಾಡ್ಕಂಡ್ರು. ಸರೋಯ್ತು ಬುಡಿ.”

ಪುಸ್ತಕದ ಮುಂದಿನ ಪುಟದಲ್ಲಿ ಅದನ್ನೇ ಚಿತ್ರ ಸಮೇತ ಬರೆದಿದ್ದರು. ನಾನು ಪುಟ ತಿರುಗಿಸಿರಲಿಲ್ಲ. ಇದಕ್ಕೊಂದು ಸಾಲು, ಅದಕ್ಕೊಂದು ಸಾಲು ನಂಬರು ಬೇರೆ ಮಾಡಿದೆ. ಇನ್ನು ಹಳೆಯ ಸರ್ವರನ್ನು ಆರಿಸಿ ಪರೀಕ್ಷೆ ಮಾಡಬೇಕು. ಸ್ವಿಚ್ಚಿನ ಬಳಿ ನನ್ನ ಕೈ ಯಾಕೋ ಮುಂದಕ್ಕೆ ಹೋಗಲಿಲ್ಲ. ಜವರಯ್ಯನೇ ನನ್ನ ಕೆಂಪು ಚೀಟಿಯನ್ನು ಲೆಕ್ಕಿಸದೆ ವೈರು ಕಿತ್ತ. ಕಂಪ್ಯೂಟರುಗಳನ್ನೆಲ್ಲ ಆರಿಸಿ ಹೊತ್ತಿಸಿದೆವು. ನಲವತ್ತಕ್ಕೂ ಹೊಸ ಸಾಲಿನಿಂದ ನಂಬರು ಬಂತು. ನಾನು ಒಂದೊಂದು ಸಾಲಿನಲ್ಲೂ ನಡೆದು ಪ್ರತಿಯೊಂದನ್ನೂ ಮುಟ್ಟಿ ನೋಡಿದೆ. ಆಮೇಲೆ ಹಳೆಯದಕ್ಕೂ ವೈರು ಹಾಕಿ, ರಜೆಯ ಅರ್ಜಿ ಬರೆದೆ.

ಅಂತರಸಂತೆಯ ಮೊದಲ ಎರಡು ದಿನಗಳನ್ನು ಹೇಗೆ ಹೇಳಲಿ? ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅವರು ಇರುತ್ತಿದ್ದರು. ಸೋಮವಾರವೂ ಇದ್ದರು, ಮಂಗಳವಾರವೂ ಇದ್ದರು. ಇಷ್ಟೇ. ಎರಡು ವರ್ಷ ನಾನು ಬಸ್ಸಿನ ಕಿಟಕಿಗೆ ತಲೆಯಾನಿಸಿ ಬಯಸಿದ್ದು ಇದನ್ನೇ. ಮೂರನೆಯ ದಿನ ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಕಿವಿ ನಿಮಿರಿತು. ಸಿದ್ದೇಗೌಡರು ಬಂದರು, ನಮ್ಮ ಮನೆ ದಾಟಿ ಹೋದರು. ನಾಲ್ಕನೆಯ ದಿನ ಸಂತೆ. ನಮ್ಮವರು ಬದನೆಕಾಯಿ ಆರಿಸುತ್ತಿರುವಾಗ, “ಒಂದು ನಿಮಿಷ ರೀ” ಎಂದು ಬೂತಿಗೆ ಹೋದೆ.

ಜವರಯ್ಯನೇ ಫೋನು ಎತ್ತಿದ.

“ಮೇಡಮ್ಮೋರಾ? ಏನು, ಲ್ಯಾಬಿಂದ ಮಾಡ್ತಿದ್ದೀರಾ?”

“ನಾನು ರಜದಲ್ಲಿದ್ದೀನಿ ಜವರಯ್ಯ!”

“ಓ, ಅಂಗಾ! ಇಲ್ಲೇ ಎಲ್ಲೋ ಅವ್ರೆ ಅಂತ ಅಂದ್ಕಂಡಿದ್ದೆ.”

“ಸರ್ವರ್ ಏನೂ ತೊಂದರೆ ಕೊಡಲಿಲ್ಲವಾ?”

“ಹಳೇದು ಮೊನ್ನೆ ಕರೆಂಟ್ ಓದಾಗ್ಲೇ ಸತ್ತೋಯ್ತು. ಯಾರ್ಗೂ ಗೊತ್ತೇ ಆಗ್ನಿಲ್ಲ. ಇವತ್ತು ಧೂಳು ಒಡೀವಾಗ ನಂಗೆ ಗೊತ್ತಾಯ್ತು ಅಷ್ಟೇಯ.”

“ಪ್ರಿನ್ಸಿಪಾಲರು ಏನಾದರೂ ನನ್ನ ಕೇಳಿದರಾ?”

ಒಳ್ಳೆಯ ಮನುಷ್ಯ, ಜ್ಞಾಪಿಸಿಕೊಳ್ಳಲು ನಿಜವಾಗಿ ಪ್ರಯತ್ನಪಟ್ಟ.

“ಇಲ್ಲ ಕಣ್ರವ್ವಾ” ಎಂದ.

ಬೂತಿನಿಂದ ಹೊರಗೆ ಬಂದಾಗ ನಮ್ಮವರು ಚೀಲ ಹಿಡಿದು ನಿಂತಿದ್ದರು. ಮುಖ ಬಾಡಿತ್ತು. “ಏನಂತೆ? ಬಾ ಅಂತಾರಾ? ಸಂಜೆ ಬಸ್ಸಿಗೆ ಹೊರಡ್ಬೇಕಾ?” ಎಂದು ಕೇಳಿದರು.

“ಕರೀತಾನೇ ಇದ್ದಾರೆ ರೀ” ಎಂದೆ. “ನಾನಿಲ್ಲದೆ ಅಲ್ಲಿ ಎಲ್ಲ ನಿಂತುಹೋಗಿದೆಯಂತೆ. ಏನಾದರೂ ಆಗಲಿ, ಈ ಸಲ ಬರೋದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟೆ.”

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಸಂತೆಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಅದನ್ನು ಹೇಳಿದರು. ನಾನು ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ, ಒಪ್ಪಿಕೊಳ್ಳುತ್ತಾ ಹೋದೆ.