ಹಲಸೂರಿನ ಮದುವೆಗೆ ಬಂದ ನನ್ನ ದೆವ್ವ

ಆ ಭಾನುವಾರ ಬೆಳಿಗ್ಗೆ ರಿಚರ್ಡ್ಸ್ ಟೌನಿನ ಹಳೇ ಬಂಗಲೆಯೊಂದರಲ್ಲಿ ನಾವು ನಾಲ್ಕು ಜನ ಸೇರಿದ್ದೆವು. ನಿರ್ದೇಶಕನಾಗಿ ನಾನು. ದೆವ್ವವಾಗಿ ನನ್ನ ಸಹಪಾಠಿ ಶೋಭಾ. ಕ್ಯಾಮೆರಾಕ್ಕೆ ಶಿವಾಜಿನಗರದ ಸೆಲ್ವಣ್ಣ. ಉಪ್ಪಿಟ್ಟಿಗೆ ನನ್ನ ಅಜ್ಜಿ. ಈ ನಾಲ್ವರಲ್ಲಿ ವಹಿಸಿದ ಕೆಲಸವನ್ನು ಸರಿಯಾಗಿ ಮಾಡಿದ್ದು ಅಜ್ಜಿ ಒಬ್ಬಳೇ.

ಮನೆಮನೆಗೂ ವಿ.ಸಿ.ಆರ್. ಬಂದು ಕೂತಿದ್ದ ಕಾಲ ಅದು. ಕಂಟೋನ್ಮೆಂಟಿನ ಒಂದು ಸಂಸ್ಥೆಯಲ್ಲಿ ನಾನು ಸಿನಿಮಾ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ಪರೀಕ್ಷೆಗೆ ಒಂದು ಕಿರುಚಿತ್ರ ಮಾಡಬೇಕಿತ್ತು. ದೆವ್ವದ ಚಿತ್ರ ಮಾಡುತ್ತೇನೆಂದಾಗ ನಮ್ಮ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

“ಮಾಡಪ್ಪ. ಆದ್ರೆ ನೋಡಿದವರಲ್ಲಿ ಒಬ್ರಾದ್ರೂ ಹೆದರ್ಬೇಕು. ಒಬ್ರೂ ಹೆದರ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಇಲ್ಲೇ ಕೂತ್ಕೋ.”

ಒಬ್ಬರೇ ಯಾಕೆ, ಗೇಟಿನ ಹತ್ತಿರ ಆಂಬುಲೆನ್ಸ್ ನಿಲ್ಲಿಸಬೇಕಾದೀತು ಅಂದುಕೊಂಡೆ.

ದೆವ್ವದ ಚಿತ್ರಕ್ಕೆ ಏನೇನು ಬೇಕೆಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು, ಬಾಯಲ್ಲಿ ರಕ್ತ, ಕೈಯಲ್ಲಿ ಮಂತ್ರಿಸಿದ ನಿಂಬೆಹಣ್ಣು, ಕಿರ್ರೆನ್ನುವ ಬಾಗಿಲು, ಕತ್ತಲೆ. ಬಂಗಲೆ ಶೋಭಾಳ ಸೋದರಮಾವನದು. ಬಾಡಿಗೆಗೆ ಯಾರೂ ಇಲ್ಲದೆ ಖಾಲಿ ಬಿದ್ದಿತ್ತು. ಅದರ ಮುಂಬಾಗಿಲು ಎಷ್ಟು ಸೊಗಸಾಗಿ ಕಿರುಚುತ್ತಿತ್ತೆಂದರೆ, ಅದೊಂದಕ್ಕಾಗಿಯೇ ಆ ಮನೆಯನ್ನು ಆರಿಸಿದ್ದೆ. ನಾನು ಒಳಗೆ ಕಿಟಕಿ ಮುಚ್ಚಿ ಬರುವಷ್ಟರಲ್ಲಿ ಅಜ್ಜಿ ಅದರ ತಿರುಗಣಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು.

“ಏನ್ ಅರಚ್ತಿತ್ತು ಅಂತೀಯ ಪಾಪ. ಈಗ ನೋಡು, ಮಗು ಹಾಗೆ ಮಲಗಿದೆ.”

ಬಿಳಿ ಸೀರೆಯ ಕಥೆಯೂ ಅಷ್ಟೇ. ಅಜ್ಜಿಯ ಟ್ರಂಕಿನಲ್ಲಿ ಅಚ್ಚ ಬಿಳುಪಿನದು ಇರಲಿಲ್ಲ. ಕೆನೆಬಣ್ಣಕ್ಕೆ ಕೆಂಪಂಚಿನದು ಒಂದನ್ನು ತಂದಿದ್ದಳು. ಸೀರೆ ಹಾಳಾಗದಂತೆ ಕಾಯುವುದಕ್ಕೆಂದೇ ಕೆ.ಆರ್. ಪುರದಿಂದ ನನ್ನ ಜೊತೆ ಬಸ್ಸು ಹತ್ತಿದ್ದಳು. ಉಪ್ಪಿಟ್ಟು ಬರೀ ನೆಪ. ಕೂದಲಿಗೆ ತನ್ನದೇ ನರೆತ ಚೌರಿಯನ್ನೂ ಕೊಟ್ಟಳು. ಕೊಟ್ಟಮೇಲೆ ಒಂದು ಶಾಸ್ತ್ರವನ್ನೂ ಹೇಳಿದಳು.

“ಪಾದ ಹಿಂದುಮುಂದು ಇರ್ಬೇಕು ಕಣೋ. ಇಲ್ದಿದ್ರೆ ಅದು ದೆವ್ವ ಅಲ್ಲ, ಪಕ್ಕದ ಮನೆಯವಳು.”

ಮಾತು ನನ್ನ ಎದೆಗೆ ನಾಟಿತು. ಕೂಡಲೇ ಒಂದು ಅದ್ಭುತ ಉಪಾಯ ಹೊಳೆಯಿತು. ರಟ್ಟಿನ ಮೇಲೆ ದೆವ್ವದ ಮುಖ ಬರೆದು ಶೋಭಾಳ ತಲೆಯ ಹಿಂಬದಿಗೆ ಕಟ್ಟುವುದು. ಸೆರಗು, ನೆರಿಗೆ ಎಲ್ಲ ಬೆನ್ನಿನ ಕಡೆಗೆ. ಅವಳು ಹಿಮ್ಮುಖವಾಗಿ ನಡೆದರೆ ಕ್ಯಾಮೆರಾಕ್ಕೆ ದೆವ್ವವೇ ಎದುರು ಬಂದಂತೆ ಕಾಣಬೇಕು, ಪಾದ ಮಾತ್ರ ಆ ಕಡೆ ತಿರುಗಿರಬೇಕು. ಇಂಥದ್ದು ವಿದೇಶದವರಿಗೂ ಹೊಳೆದಿರಲಾರದು.

ಮುಖವನ್ನು ಶೋಭಾಳೇ ಬರೆದಳು. ಅವಳ ಕೈ ಪಳಗಿದ್ದು ಗೌರಿ ಹಬ್ಬದ ಗೌರಿಯ ಮೇಲೆ. ಎಷ್ಟು ಕ್ರೂರವಾಗಿ ಬರೆದರೂ ಕಣ್ಣಲ್ಲಿ ಕರುಣೆ ಬಂದು ಕೂರುತ್ತಿತ್ತು. ಬಾಯಿಗೆ ಕುಂಕುಮದ ನೀರು ಬಳಿದೆವು. ರಕ್ತ ಕುಡಿದ ಹಾಗೆ ಕಾಣಲಿಲ್ಲ. ಊಟವಾದಮೇಲೆ ಎಲೆ ಅಡಿಕೆ ಹಾಕಿಕೊಂಡ ಹಾಗಿತ್ತು.

ಶೋಭಾ ಮೊದಲ ಸಲ ಹಿಮ್ಮುಖ ನಡೆದಾಗಲೇ ಹೂಕುಂಡದ ಮೇಲೆ ಕೂತುಬಿಟ್ಟಳು. ಎದ್ದವಳೇ ಮುಖ ಬಿಚ್ಚಿ ನನ್ನ ಕೈಗಿಟ್ಟಳು. “ನೀನೇ ದೆವ್ವ ಆಗು ಗುರು. ನಿಂಗೆ ಜಾಸ್ತಿ ಮೇಕಪ್ಪೂ ಬೇಕಾಗಲ್ಲ.”

ಹೀಗೆ ನಾನು ಸೀರೆ ಉಟ್ಟೆ. ಅಜ್ಜಿಯೇ ಉಡಿಸಿದಳು. ಚೌರಿ ನನ್ನ ನಿಜವಾದ ಮುಖವನ್ನು ಮುಚ್ಚಿತ್ತು, ರಟ್ಟಿನ ಮುಖ ಹಿಂದಿತ್ತು. ನನಗೆ ಏನೂ ಕಾಣುತ್ತಿರಲಿಲ್ಲ.

ಇನ್ನು ಸೆಲ್ವಣ್ಣ. ಹುಟ್ಟಿದಂದಿನಿಂದ ಮದುವೆ ವಿಡಿಯೋ ಬಿಟ್ಟು ಬೇರೇನೂ ತೆಗೆದವನಲ್ಲ. ಕತ್ತಲೆ ಬೇಕು ಎಂದರೆ, “ಬೇಡ ಸಾರ್, ಮುಖ ಚೆನ್ನಾಗ್ ಬರಲ್ಲ, ಆಮೇಲೆ ಪಾರ್ಟಿಯವರು ನನ್ನೇ ಬೈತಾರೆ” ಎಂದು ಮದುವೆಮನೆಯ ದೊಡ್ಡ ಲೈಟನ್ನೇ ಹಾಕಿಬಿಟ್ಟ.

“ಮೇಡಂ, ಸ್ವಲ್ಪ ನಗಿ. ಕ್ಯಾಮೆರಾ ನೋಡಿ.”

“ಸೆಲ್ವಣ್ಣ, ಕ್ಯಾಮೆರಾ ನನ್ನ ಬೆನ್ನ ಹಿಂದೆ ಇದೆ.”

“ಪರವಾಗಿಲ್ಲ ಸಾರ್. ಎರಡು ಕೈನೂ ಎತ್ತಿ. ಅಕ್ಷತೆ ಹಾಕೋ ಥರ.”

ಕತ್ತು ಹಿಸುಕುವ ಭಂಗಿಯಲ್ಲಿ ತೋಳುಗಳನ್ನು ಹಿಂದಕ್ಕೆ ಎತ್ತಿ ನಡೆದೆ. ಒಂದು ಕೈಯಲ್ಲಿ ನಿಂಬೆಹಣ್ಣು. ಸೆಲ್ವಣ್ಣ ನಾನು ಬಂದಷ್ಟೂ ಹಿಂದಕ್ಕೆ ಸರಿಯುತ್ತ ತೆಗೆಯುತ್ತಲೇ ಇದ್ದ. ಮಧ್ಯೆ ಕ್ಯಾಸೆಟ್ ಮುಗಿದು ಅವನು ಪಕ್ಕಕ್ಕೆ ಹೋದದ್ದು ನನಗೆ ತಿಳಿಯಲಿಲ್ಲ. ನಾನು ನಡೆದೆ. ಹಜಾರ ದಾಟಿತು, ಜಗಲಿ ದಾಟಿತು, ಕಾಲಿಗೆ ಬಿಸಿ ಟಾರು ತಗುಲಿತು. ಬೆನ್ನ ಹಿಂದಿನಿಂದ ಸೊಪ್ಪಿನವಳ ದನಿ ಕೇಳಿಸಿತು.

“ಅಮ್ಮಾ, ದಂಟಿನ ಸೊಪ್ಪು ಎಳೇದಿದೆ. ಹಲ್ಲಿಲ್ದೋರೂ ತಿನ್ಬೋದು, ತಗೊಳ್ಳಿ.”

ಹಾಡಹಗಲು, ನಡುಬೀದಿಯಲ್ಲಿ ದೆವ್ವ ನಿಂತಿದೆ. ಅದಕ್ಕೆ ಸೊಪ್ಪು ಮಾರುತ್ತಾರೆ! ಅಷ್ಟು ಹೊತ್ತಿಗೆ ಅಜ್ಜಿ ಓಡಿಬಂದು ಚೌಕಾಸಿಗೆ ಇಳಿದಳು. ಆ ರಾತ್ರಿ ನಮ್ಮ ಮನೆಯಲ್ಲಿ ದಂಟಿನ ಸೊಪ್ಪಿನ ಸಾರು.

ಎಡಿಟಿಂಗ್ ಕೂಡ ಸೆಲ್ವಣ್ಣನದೇ. ಅವನಲ್ಲೊಂದು ಮಿಕ್ಸರ್ ಯಂತ್ರವಿತ್ತು. ಅದರಲ್ಲಿ ಇದ್ದ ಚಮತ್ಕಾರಗಳೆಲ್ಲ ಮದುವೆಯವು. ಪ್ರದರ್ಶನದ ದಿನ ದೀಪ ಆರಿತು. ನಾನು ಮೇಷ್ಟ್ರ ಪಕ್ಕದಲ್ಲಿ ಉಸಿರು ಹಿಡಿದು ಕೂತೆ. ನಾಗಸ್ವರ ಮೊಳಗಿತು. ಗುಲಾಬಿ ಬಣ್ಣದ ಹೃದಯವೊಂದು ಗಿರಗಿರನೆ ತಿರುಗುತ್ತ ಬಂದು, ಅದರೊಳಗಿಂದ ನನ್ನ ದೆವ್ವ ಪ್ರತ್ಯಕ್ಷವಾಯಿತು. ಕೈ ಎತ್ತಿತು. ಮೇಲಿನಿಂದ ಹೂವಿನ ದಳ ಸುರಿಯಿತು. ಅದು ಮಾಯವಾದ ಕೂಡಲೇ ಯಾರೋ ಗುರುತಿಲ್ಲದವರು ಪಂಕ್ತಿಯಲ್ಲಿ ಕೂತು ಪಾಯಸ ಹೀರುತ್ತಿದ್ದರು.

ನಮ್ಮ ಶೂಟಿಂಗಿನ ಹಿಂದಿನ ದಿನ ತೆಗೆದಿದ್ದ ಹಲಸೂರಿನ ಮದುವೆಯೊಂದರ ಕ್ಯಾಸೆಟ್ಟಿನಲ್ಲಿ ಜಾಗ ಉಳಿದಿತ್ತಂತೆ. ಸುಮ್ಮನೆ ಯಾಕೆ ದಂಡ ಎಂದು ಸೆಲ್ವಣ್ಣ ದೆವ್ವವನ್ನೂ ಅದರಲ್ಲೇ ತುಂಬಿದ್ದ. ಜೋಡಿಸುವಾಗ ತೂಕಡಿಸಿದ್ದ.

ತರಗತಿಯವರು ಬೆಂಚು ಬಡಿದು ನಕ್ಕರು. ಮೇಷ್ಟ್ರು ಮಾತ್ರ ಗಂಭೀರವಾಗಿ, “ಆ ಕೈ ಎತ್ತಿದ ಅಜ್ಜಿ ತುಂಬಾ ಲಕ್ಷಣವಾಗಿದಾರೆ. ಮುಂದಿನ ವರ್ಷ ನೋಡೋಣ” ಎಂದು ಎದ್ದು ಹೋದರು.

ನಮ್ಮ ಕ್ಯಾಸೆಟ್ಟಿಗೆ ಅವರ ಊಟ ಬಂದಿದ್ದರೆ, ಅವರ ಕ್ಯಾಸೆಟ್ಟಿಗೆ ಏನು ಹೋಗಿರಬಹುದು? ಈ ಪ್ರಶ್ನೆ ನನಗೆ ಹೊಳೆಯುವ ಮೊದಲೇ ಸೆಲ್ವಣ್ಣ ಮನೆಗೆ ಓಡಿಬಂದ.

“ಸಾರ್, ಹಲಸೂರಿನವರು ದೆವ್ವಾನ ಕರ್ಕೊಂಡ್ ಬಾ ಅಂತಿದಾರೆ.”

“ಹೊಡೀತಾರಾ?”

“ಗೊತ್ತಿಲ್ಲ ಸಾರ್. ಆ ಮನೆ ರಂಗಮ್ಮನೋರು ಒಂದೇ ಸಮನೆ ಅಳ್ತಿದಾರೆ.”

ಅಜ್ಜಿಯನ್ನು ಮುಂದಿಟ್ಟುಕೊಂಡು ಸೆಲ್ವಣ್ಣನ ಜೊತೆ ಹೋದೆ. ರಂಗಮ್ಮನವರು ಮದುಮಗಳ ಅಜ್ಜಿ. ಕಣ್ಣಿಗೆ ಪೊರೆ ಬಂದಿತ್ತು. ನಮ್ಮನ್ನು ಮಣೆ ಹಾಕಿ ಕೂರಿಸಿದರು. ನಾನು ಕೈಮುಗಿದು ನಡೆದದ್ದನ್ನೆಲ್ಲ ಹೇಳಿದೆ: ರಟ್ಟು, ಕುಂಕುಮ, ಚೌರಿ, ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

“ನೀನು ಕೂಸು, ನಿನಗೇನ್ ಗೊತ್ತು? ಅವಳು ನಮ್ಮಕ್ಕ. ಮೊಮ್ಮಗಳ ಮದುವೆ ನೋಡ್ಬೇಕು ನೋಡ್ಬೇಕು ಅಂತಲೇ ಕಣ್ಣು ಮುಚ್ಚಿದ್ಲು. ಅದೇ ಕೆಂಪಂಚಿನ ಸೀರೆ, ಬಾಯಿ ತುಂಬ ಎಲೆ ಅಡಿಕೆ. ಬರಿಗೈಲಿ ಬರ್ಬಾರ್ದು ಅಂತ ನಿಂಬೆಹಣ್ಣು ಬೇರೆ ತಂದಿದಾಳೆ. ಧಾರೆ ಮುಗೀತಲೇ ಬಂದು ಕೈಯೆತ್ತಿ ಹರಸಿದ್ಲು.”

“ಪಾದ ಹಿಂದುಮುಂದಿತ್ತಲ್ಲಮ್ಮಾ?” ಎಂದು ನಾನು ಕೊನೆಯ ಅಸ್ತ್ರ ಬಿಟ್ಟೆ.

“ಹೂಂ ಮತ್ತೆ. ಬರುವಾಗಲೇ ಹೊರಡೋ ಕಾಲು ಅವಳದು. ಯಾವತ್ತು ನೆಟ್ಟಗೆ ಕೂತಿದ್ಲು?”

ಮನೆಯ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಗಮ್ಮನವರ ಎದುರು ಬಾಯಿ ಬಿಡುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅವರು ನನ್ನ ಕೈ ಹಿಡಿದು ದೇವರ ಕೋಣೆಯ ಬಾಗಿಲಿಗೆ ಕರೆದೊಯ್ದರು. ಟಿ.ವಿ. ಪರದೆಯ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಗಂಧದ ಹಾರ. ಮುಂದೆ ನಂದಾದೀಪ. ನಡುವೆ ನಾನು.

ಬದುಕಿರುವಾಗಲೇ ಸ್ವಂತ ಫೋಟೋಗೆ ಹಾರ ಬಿದ್ದಿದ್ದನ್ನು ನೋಡಿದವರಿಗೆ ಮಾತ್ರ ನನ್ನ ಸ್ಥಿತಿ ಅರ್ಥವಾದೀತು. ಸೆಲ್ವಣ್ಣ ಹಿಡಿಯದಿದ್ದರೆ ದೀಪದ ಮೇಲೇ ಬೀಳುತ್ತಿದ್ದೆ.

ಮಾರನೆಯ ದಿನ ಅಜ್ಜಿ ಯಾರಿಗೂ ಹೇಳದೆ ಸಂಸ್ಥೆಗೆ ಹೋಗಿ ಮೇಷ್ಟ್ರ ಎದುರು ಕೂತಳಂತೆ.

“ಒಬ್ರು ಹೆದರಿದ್ರೆ ಪಾಸು ಅಂದಿದ್ರಂತಲ್ಲ ಸ್ವಾಮಿ. ಹೆದರಿದಾನೆ. ನಾನೇ ಕಣ್ಣಾರೆ ನೋಡಿದೀನಿ. ನೀರು ಚಿಮುಕಿಸ್ಬೇಕಾಯ್ತು.”

“ಯಾರಮ್ಮಾ?”

“ತೆಗೆದವನೇ.”

ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಬಾರದೆಂದು ನನ್ನನ್ನು ಪಾಸು ಮಾಡಿದರು.

ಆ ವರ್ಷ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಸೆಲ್ವಣ್ಣ ಹಲಸೂರಿನಿಂದ ಬಾಳೆಲೆಯ ಪೊಟ್ಟಣವೊಂದನ್ನು ತಂದುಕೊಟ್ಟ. ಹಿರಿಯರಿಗೆ ಎಡೆ ಇಟ್ಟದ್ದು. ನಿಮಗೆ ಕೊಡು ಎಂದು ರಂಗಮ್ಮನವರು ಹೇಳಿದ್ದರಂತೆ. ಒಳಗೆ ವಡೆ, ಕಜ್ಜಾಯ, ಕೊನೆಗೆ ಒಂದು ಜೊತೆ ಎಲೆ ಅಡಿಕೆ. ಅಜ್ಜಿ ಎಲೆ ಅಡಿಕೆ ತೆಗೆದುಕೊಂಡಳು. ನನಗಿಟ್ಟ ಎಡೆಯನ್ನು ನಾನೇ ಕೂತು ತಿಂದೆ.