ಕಷಾಯ ಕುಡಿದ ಇಲಿಗಳು

ಎಂಬತ್ತರ ದಶಕದಲ್ಲಿ ನಾನು ಸೌದಿಯ ಉನೈಜಾದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಅಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಆ ಊರಿನ ಹಿರಿಯರು ಸಕ್ಕರೆ ಕಾಯಿಲೆಗೆ ಕುಡಿಯುವ ಕಷಾಯವನ್ನು ಬಿಳಿ ಇಲಿಗಳ ಮೇಲೆ ಪರೀಕ್ಷಿಸುವುದು ನಮ್ಮ ಕೆಲಸ. ಈಜಿಪ್ಟಿನ ಡಾಕ್ಟರು ಮುಖ್ಯಸ್ಥರು, ನಾನು ಶಿರ್ವದವ, ಇಲಿಗಳ ಉಸ್ತುವಾರಿಗೆ ಉಳ್ಳಾಲದ ಹಿರಿಯರೊಬ್ಬರು, ಎಲ್ಲರಿಗೂ ‘ಕಾಕ’. ಕೆಲಸ ಕೆಟ್ಟರೆ ಮೂವರ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ರದ್ದು, ಮೂವರೂ ವಿಮಾನಕ್ಕೆ ಎಂದು ಸೌದಿ ನಿರ್ದೇಶಕರು ಮೊದಲೇ ಹೇಳಿದ್ದರು. ನನಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಅಪ್ಪ ಒಪ್ಪಿದ್ದು ನನ್ನನ್ನು ನೋಡಿ ಅಲ್ಲ, ಈ ಕೆಲಸ ನೋಡಿ. ಹಾಗಾಗಿ ಹೆದರಿಕೆ ಇದ್ದೇ ಇತ್ತು.

೧. ಸಾರಿನ ವಾಸನೆ

ಕಷಾಯಕ್ಕೆ ಕರಿಜೀರಿಗೆ, ಲೋಬಾನ, ಜೊತೆಗೆ ಧಾರಾಳ ಇಂಗು. ಮೊದಲ ದಿನ ಕುದಿಸಿದಾಗ ವಾಸನೆ ಕಾರಿಡಾರಿಡೀ ಹಬ್ಬಿತು. ಹತ್ತೇ ನಿಮಿಷ, ಸ್ಟೋರಿನಲ್ಲಿದ್ದ ನಮ್ಮ ಕಡೆಯವರೊಬ್ಬರು ಟಿಫಿನ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಡಬ್ಬಿಯಲ್ಲಿ ಬರೀ ಅನ್ನ.

“ಎಂತ ಮಾರಾಯ, ಸಾರು ಮಾಡಿದ್ರೆ ಒಂದು ಮಾತು ಹೇಳ್ಬಾರ್ದಾ?”

“ಇದು ಇಲಿಗಳಿಗೆ.”

ಅವರು ಪಾತ್ರೆಯೊಳಗೆ ಇಣುಕಿ ನೋಡಿದರು. “ಅಷ್ಟೂ ಅವಕ್ಕೇ ಬೇಕಾ?”

೨. ಶುಕ್ರವಾರದ ಸ್ನಾನ

ಕೆಲವು ಇಲಿಗಳಿಗೆ ಕಷಾಯ, ಕೆಲವಕ್ಕೆ ಬರೀ ನೀರು. ಗುರುತಿಗೆಂದು ಕಷಾಯದವುಗಳ ಬಾಲಕ್ಕೆ ಹಳದಿ ಬಣ್ಣ ಹಚ್ಚಿದ್ದೆ. ಶನಿವಾರ ಬಂದು ನೋಡಿದರೆ ಎಲ್ಲ ಬಾಲವೂ ಒಂದೇ ಬಣ್ಣ.

“ನಿನ್ನೆ ಶುಕ್ರವಾರ ಅಲ್ವಾ, ಎಲ್ಲರಿಗೂ ಸ್ನಾನ ಮಾಡಿಸಿದೆ” ಎಂದರು ಕಾಕ. “ಕೆಲವಕ್ಕೆ ಬಾಲದಲ್ಲಿ ಎಂತದೋ ಕೊಳೆ ಇತ್ತು. ತಿಕ್ಕಿ ತಿಕ್ಕಿ ತೆಗ್ದೆ.”

ಡಾಕ್ಟರು ಹೊಸ ಇಲಿಗಳಿಗೆ ಅರ್ಜಿ ಬರೆದರು. ಕಾರಣ ಎಂಬಲ್ಲಿ ತುಂಬಿಸಿದ್ದು: ‘ಅತಿಯಾದ ಸ್ವಚ್ಛತೆ.’

೩. ಕಹಿಯ ಮೇಲೆ

ಹೊಸ ಇಲಿಗಳು ಬಂದು ತಿಂಗಳಾಯಿತು. ರಕ್ತ ಪರೀಕ್ಷಿಸಿದರೆ ನೀರು ಕುಡಿದವುಗಳಿಗಿಂತ ಕಷಾಯ ಕುಡಿದವುಗಳಿಗೇ ಸಕ್ಕರೆ ಹೆಚ್ಚು! ಅಷ್ಟರಲ್ಲಿ ನಿರ್ದೇಶಕರೇ ಒಂದು ಕಾಗದ ಹಿಡಿದು ಒಳಗೆ ಬಂದರು.

ಡಾಕ್ಟರು ಕಾಕನನ್ನು ಕೇಳಿದರು. “ಕಷಾಯದ ಜೊತೆ ಬೇರೇನಾದರೂ ಕೊಡುತ್ತೀಯಾ?”

“ಏನೂ ಇಲ್ಲ. ಒಂದು ತುಂಡು ಖರ್ಜೂರ, ಅಷ್ಟೆ. ಈ ಊರಲ್ಲಿ ಯಾರ ಮನೆಗೆ ಹೋದರೂ ಕಹಿ ಕಾಫಿ ಜೊತೆ ಖರ್ಜೂರ ಕೊಡುತ್ತಾರೆ. ಪಾಪದ ಪ್ರಾಣಿಗಳಿಗೆ ಬರೀ ಕಹಿ ಕುಡಿಸಲಿಕ್ಕಾಗುತ್ತದಾ?”

ಡಾಕ್ಟರು ತಲೆ ಹಿಡಿದುಕೊಂಡರು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ. ನಿರ್ದೇಶಕರು ಮಾತ್ರ ಗಂಭೀರವಾಗಿ ಕುಳಿತರು.

“ಒಂದು ತಿಂಗಳಿಂದ ಈ ಕಷಾಯವನ್ನು ನಾನೂ ಕುಡಿಯುತ್ತಿದ್ದೇನೆ. ನನ್ನ ಸಕ್ಕರೆಯೂ ಇಳಿದಿಲ್ಲ. ಅದಕ್ಕೇ ಪ್ರಯೋಗ ನಿಲ್ಲಿಸಲು ಇವತ್ತು ಈ ಕಾಗದ ಬರೆಸಿದೆ.”

“ಕುಡಿದ ಮೇಲೆ ತಾವು ಏನಾದರೂ...?” ಡಾಕ್ಟರು ಮೆಲ್ಲಗೆ ಕೇಳಿದರು.

“ಏಳು ಖರ್ಜೂರ” ಎಂದರು ನಿರ್ದೇಶಕರು.

ಅವರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿ ಎದ್ದರು.

“ಮೂವರೂ ಇಲ್ಲೇ ಇರಿ. ಮೊದಲಿಂದ ಶುರು ಮಾಡಿ. ಇಲಿಗಳಿಗೆ ಖರ್ಜೂರ ನಿಲ್ಲಿಸಿ.” ಬಾಗಿಲ ಹತ್ತಿರ ಹೋಗಿ ತಿರುಗಿದರು. “ನಾನು ಕಷಾಯ ನಿಲ್ಲಿಸುತ್ತೇನೆ.”